ತಿರುವಿನಲ್ಲಿ ನಿಂತವರು

“ಬಾಯಿ ಬಿಟ್ಟು ಹೇಳದ ಪ್ರೀತಿಯನ್ನು ಪ್ರೀತಿಯೆಂದು ಹೇಗೆ ನಂಬಬೇಕು, ಗುರುಗಳೇ?”

ಶಿಷ್ಯ ಅಡಿವೆಪ್ಪ ಹೀಗೆ ಕೇಳಿದಾಗ ಅವನ ತಂದೆ ಮಠದ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಮಗನನ್ನು ನೋಡಿಕೊಂಡು ಹೋಗಲು ಬಂದಿದ್ದ. ಅಡಿವೆಪ್ಪನಿಗೆ ಎದ್ದು ಹೊರಗೆ ಹೋಗುವ ಮನಸ್ಸಿರಲಿಲ್ಲ. ಹಿಂದಿನ ವರ್ಷ ಕಾಮಾಲೆಯಾಗಿ ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಉಳಿಯುವುದು ಕಷ್ಟ ಎಂದು ವೈದ್ಯರೇ ಹೇಳಿದ್ದರು. ಪಕ್ಕದ ಹಾಸಿಗೆಯ ಹುಡುಗನ ತಂದೆ ಮಗನ ತಲೆ ಸವರಿ, ಏನೂ ಆಗುವುದಿಲ್ಲ, ನಾನಿದ್ದೇನೆ ಎನ್ನುತ್ತಿದ್ದ. ಅಡಿವೆಪ್ಪನ ತಂದೆ ಕಾಲ ಬುಡದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ. ಒಂದು ಮಾತನ್ನೂ ಆಡಲಿಲ್ಲ. ಮಗ ಗಂಡಾಂತರದಿಂದ ಪಾರಾದ ಎಂದು ವೈದ್ಯರು ಹೇಳಿದ ದಿನ ಎದ್ದು ಊರಿಗೆ ಹೋದ.

“ಬರುತ್ತೇನೆ ಎಂದು ಸಹ ಹೇಳಲಿಲ್ಲ. ಅಂಥವನನ್ನು ಈಗ ನೋಡಿ ನಾನು ಏನು ಮಾತಾಡಲಿ?” ಎಂದ ಅಡಿವೆಪ್ಪ.

“ಕುಳಿತುಕೋ,” ಎಂದರು ಗುರುಗಳು. “ಹೊರಗಿರುವವನಿಗೆ ಕಾಯುವುದು ಬರುತ್ತದೆ. ನಿನಗೊಂದು ಓಟದ ಕತೆ ಹೇಳುತ್ತೇನೆ. ಕಾವಿ ಉಟ್ಟವನಿಗೆ ಓಟದ ಉಸಾಬರಿ ಏಕೆ ಎಂದು ಹುಬ್ಬೇರಿಸಬೇಡ.”

ಎರೆಭೂಮಿಯ ಸೀಮೆಯಲ್ಲಿ ಒಂದು ಸಣ್ಣ ಕಾಲೇಜು. ಅಲ್ಲಿ ಓಡುವ, ಜಿಗಿಯುವ, ಗುಂಡು ಎಸೆಯುವ ಹುಡುಗಿಯರ ಒಂದು ತಂಡವಿತ್ತು. ಮಳೆ ಬಿತ್ತೆಂದರೆ ಅಲ್ಲಿಯ ಮೈದಾನ ಯಾರಿಗೂ ಬಗ್ಗುವುದಿಲ್ಲ. ಕರಿಮಣ್ಣು ಅಂಗಾಲಿಗೆ ಇಟ್ಟಿಗೆಯಷ್ಟು ದಪ್ಪ ಮೆತ್ತಿಕೊಳ್ಳುತ್ತದೆ. ಓಡುವುದಿರಲಿ, ಚಪ್ಪಲಿ ಉಳಿಸಿಕೊಂಡು ಆಚೆ ದಾಟಿದರೆ ಅದೇ ದೊಡ್ಡದು. ಅದಕ್ಕೆ ತಂಡದ ಮಾಸ್ತರರು ಊರಿನ ಹತ್ತಿ ಗಿರಣಿಯ ಮಾಲೀಕನ ಬೆನ್ನು ಹತ್ತಿ, ಹತ್ತಿಯ ಹಂಗಾಮು ಮುಗಿದ ಮೇಲೆ ಖಾಲಿ ಬೀಳುವ ಗೋದಾಮನ್ನು ಬಿಡಿಸಿಕೊಂಡಿದ್ದರು. ಮೇಲೆ ತಗಡು, ಸುತ್ತ ಗೋಡೆ. ಮಳೆಗಾಲವಿಡೀ ಹುಡುಗಿಯರು ಆ ಗೋಡೆಗಳ ಒಳಗೇ ಸುತ್ತು ಹೊಡೆಯುತ್ತಿದ್ದರು. ಸುತ್ತಿನ ಕೊನೆಯ ತಿರುವು ಬಹಳ ಇಕ್ಕಟ್ಟು. ಎಂಥ ಗಟ್ಟಿಗಿತ್ತಿಯಾದರೂ ಅಲ್ಲಿ ಕಾಲು ಸೋಲುತ್ತಿತ್ತು.

ಆ ತಂಡದಲ್ಲಿ ಒಂದು ರೂಢಿ. ಹೊಸದಾಗಿ ಸೇರಿದವಳು ಮೊದಲ ವರ್ಷ ಓಡುವ ಹಾಗಿಲ್ಲ. ಕೊನೆಯ ತಿರುವಿನಲ್ಲಿ ಉಳಿದವರ ಜೊತೆ ನಿಲ್ಲಬೇಕು, ಅಷ್ಟೆ. ಏಕೆ ನಿಲ್ಲಬೇಕು, ನಿಂತು ಏನು ಮಾಡಬೇಕು ಎಂದು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಅಕ್ಕಪಕ್ಕದವರನ್ನು ನೋಡಿ ಅವಳೇ ಕಲಿಯುತ್ತಿದ್ದಳು. ಕಲಿತ ಮೇಲೆ, ಇದನ್ನು ಹೇಳಿಕೊಡಬೇಕಾಗುತ್ತದೆ ಎಂಬುದೇ ಅವಳಿಗೂ ಮರೆತುಹೋಗುತ್ತಿತ್ತು.

ಅಲ್ಲಿಗೆ ದಾಕ್ಷಾಯಣಿ ಎಂಬ ಹುಡುಗಿ ಬಂದಳು. ಬೇರೆ ಊರಿನ ದೊಡ್ಡ ಕಾಲೇಜು ಬಿಟ್ಟು ಬಂದವಳು. ಗಾಳಿಯಂತೆ ಓಡುತ್ತಿದ್ದಳು. ಒಳಾಂಗಣ ಚಾಂಪಿಯನ್‌ಷಿಪ್ ಹತ್ತಿರ ಬಂದಿತ್ತು. ಮಾಸ್ತರರು ಹಿಂದೆಮುಂದೆ ನೋಡದೆ ಅವಳನ್ನು ಮೊದಲ ದಿನವೇ ಓಟಕ್ಕೆ ಇಳಿಸಿದರು. ಒಂದೊಂದು ಓಟಕ್ಕೆ ಒಂದು ಕಾಲೇಜಿನಿಂದ ಒಬ್ಬಳಿಗೇ ಅವಕಾಶ. ಸಾವಿರದ ಐನೂರು ಮೀಟರಿನ ಓಟ ಅಲ್ಲಿಯವರೆಗೆ ಫಕೀರವ್ವ ಎಂಬವಳದಾಗಿತ್ತು. ಅದು ದಾಕ್ಷಾಯಣಿಯ ಪಾಲಾಯಿತು. ಫಕೀರವ್ವ ಹೋಗಿ ತಿರುವಿನಲ್ಲಿ ನಿಂತಳು.

ದಾಕ್ಷಾಯಣಿಯ ಸಂಕಟ ಅಂದೇ ಶುರುವಾಯಿತು. ಹಳೆಯ ಕಾಲೇಜಿನಲ್ಲಿ ಅವಳು ಓಡಿದರೆ ಗೆಳತಿಯರು ಡಬ್ಬಿ ಬಡಿದು, ಹೆಸರು ಹಿಡಿದು ಕೂಗಿ, ಗಂಟಲು ಹರಿದುಕೊಳ್ಳುತ್ತಿದ್ದರು. ಇಲ್ಲಿ? ಗೋದಾಮಿನ ಆ ತಿರುವಿನಲ್ಲಿ ಹುಡುಗಿಯರು ಮಾತಾಡುತ್ತ ನಗುತ್ತ ನಿಂತಿರುತ್ತಿದ್ದರು. ಅವಳು ತಿರುವಿಗೆ ಬಂದಳೋ, ಎಲ್ಲರ ಬಾಯೂ ಬಂದ್. ಒಬ್ಬಳೂ ಕೂಗುತ್ತಿರಲಿಲ್ಲ. ಚಪ್ಪಾಳೆಯಿಲ್ಲ. ಅವಳು ದಾಟಿ ಹೋದಮೇಲೆ ಮಾತ್ರ ಬೆನ್ನ ಹಿಂದೆ ಎಲ್ಲರೂ ಒಟ್ಟಿಗೆ ಬಿಟ್ಟ ನಿಟ್ಟುಸಿರು ಕೇಳುತ್ತಿತ್ತು. ಪ್ರತಿ ಸುತ್ತಿಗೂ ಅದೇ. ಬೇರೆಯವರು ಓಡುವಾಗ ಅಲ್ಲಿ ಏನು ನಡೆಯುತ್ತದೆ ಎಂದು ನೋಡಲು ಅವಳು ಒಮ್ಮೆಯೂ ಆ ತಿರುವಿನಲ್ಲಿ ನಿಂತವಳಲ್ಲ. ಇಷ್ಟೇನಾ ಇವಳ ಓಟ ಎಂದು ಹಂಗಿಸುವ ಉಸಿರು ಅದು ಎಂದು ಅವಳಿಗೆ ಖಾತ್ರಿಯಾಯಿತು.

ಒಂದು ದಿನ ತಡೆಯಲಾರದೆ ಫಕೀರವ್ವನನ್ನೇ ಕೇಳಿದಳು.

“ನಾ ಬಂದ ಕೂಡ್ಲೇ ಎಲ್ಲಾರೂ ಯಾಕ ಸುಮ್ನಾಗ್ತೀರಿ?”

ಫಕೀರವ್ವ ಇದೆಂಥ ಪ್ರಶ್ನೆ ಎಂಬಂತೆ ಅವಳನ್ನು ನೋಡಿದಳು. “ಸುಮ್ನಾಗ್ದ ಮತ್ತೇನ್ ಮಾಡೂದವಾ?” ಎಂದಳು.

ದಾಕ್ಷಾಯಣಿಗೆ ಅಷ್ಟು ಸಾಕಾಯಿತು. ತನ್ನ ಜಾಗ ಹೋಯಿತೆಂದು ಇವಳಿಗೆ ಹೊಟ್ಟೆಕಿಚ್ಚು, ಉಳಿದವರೆಲ್ಲ ಇವಳ ಕಡೆ ಎಂದು ತೀರ್ಮಾನಿಸಿದಳು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಚಾಂಪಿಯನ್‌ಷಿಪ್ ಒಂದು ಮುಗಿಯಲಿ, ಗೆದ್ದರೂ ಸರಿ, ಸೋತರೂ ಸರಿ, ಗಂಟುಮೂಟೆ ಕಟ್ಟಿ ಈ ಕಾಲೇಜನ್ನೇ ಬಿಟ್ಟು ಹೋಗುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿದಳು. ಬೇಡವಾದ ಕಡೆ ಓಡುವುದು ಎಷ್ಟು ಭಾರ ಎಂದು ಓಡಿದವರಿಗೇ ಗೊತ್ತು, ಅಡಿವೆಪ್ಪ.

ಚಾಂಪಿಯನ್‌ಷಿಪ್ ದೂರದ ಮಹಾನಗರದಲ್ಲಿ. ಅಂಥ ಸೂರನ್ನು ಆ ಹುಡುಗಿಯರು ಕಂಡಿರಲಿಲ್ಲ. ನಮ್ಮ ಈ ಮಠ, ಮುಂದಿನ ಸಂತೆಪೇಟೆ, ಆಚೆಯ ಕೆರೆ ಎಲ್ಲ ಸೇರಿಸಿ ಒಂದೇ ಚಾವಣಿ ಹೊದಿಸಿದರೆ ಹೇಗೋ ಹಾಗೆ. ಒಳಗೆ ಗಾಳಿಯಿಲ್ಲ, ಬಿಸಿಲಿಲ್ಲ, ಹೊತ್ತು ಎಷ್ಟಾಯಿತೆಂದು ತಿಳಿಯುವುದಿಲ್ಲ. ಓಟದ ಹಾದಿ ತಿರುವುಗಳಲ್ಲಿ ಬಾಣಲೆಯ ಅಂಚಿನ ಹಾಗೆ ಮೇಲೆದ್ದಿತ್ತು. ಹುಡುಗಿಯರು ಬಗ್ಗಿ ಅದನ್ನು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಮಾಸ್ತರರೂ ಯಾರೂ ನೋಡುತ್ತಿಲ್ಲ ಎಂದುಕೊಂಡು ಹಾಗೇ ಮಾಡಿದರು.

ಮೊದಲ ದಿನ ಮೈಕಿನವನಿಗೆ ಆ ಕಾಲೇಜಿನ ಹೆಸರು ನಾಲಿಗೆಗೆ ಹತ್ತಲಿಲ್ಲ. ಸಂಜೆಯ ಹೊತ್ತಿಗೆ ಹತ್ತಿತು. ಗುಂಡು ಎಸೆಯುವ ಹುಡುಗಿ ಎಸೆದಾಗ ಅಳೆಯುವವರು ಟೇಪು ಹಿಡಿದು ಎರಡು ಸಲ ಅಳೆದರು. ಹರ್ಡಲ್ಸಿನವಳು ತಡೆಗಳ ಮೇಲೆ ಹಾದು ಬಂದಾಗ, ಇವಳ ಪಾದ ನೆಲ ಮುಟ್ಟಿತೋ ಇಲ್ಲವೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಬೇರೆಯವರು ಆ ತಿರುವುಗಳಿಗೆ ಅಂಜಿ ಕಾಲು ಹಿಂದೆಗೆದರೆ, ಗೋದಾಮಿನ ಇಕ್ಕಟ್ಟಿನಲ್ಲಿ ಬೆಳೆದ ಈ ಹುಡುಗಿಯರು ಅಲ್ಲೇ ಮುಂದೆ ನುಗ್ಗುತ್ತಿದ್ದರು. ಎಲ್ಲಿಯವರು ಇವರು, ಎಲ್ಲಿದ್ದರು ಇಷ್ಟು ದಿನ ಎಂದು ಇಡೀ ಕ್ರೀಡಾಂಗಣ ಬೆರಗಾಗಿ ಕೇಳತೊಡಗಿತು. ಕಡೆಯ ಓಟವೊಂದು ಉಳಿದಾಗ, ಪ್ರತಿ ವರ್ಷ ಕಪ್ ಒಯ್ಯುವ ದೊಡ್ಡ ನಗರದ ಕಾಲೇಜಿಗೂ ಇವರಿಗೂ ಅಂಕ ಸಮ. ಉಳಿದದ್ದು ಸಾವಿರದ ಐನೂರು ಮೀಟರು. ಅದರಲ್ಲಿ ದಾಕ್ಷಾಯಣಿ ಗೆದ್ದರೆ ಕಪ್ ಎರೆಸೀಮೆಗೆ. ಆ ನಗರದ ಹುಡುಗಿ ಗೆದ್ದರೆ ಅದು ಎಂದಿನ ಜಾಗಕ್ಕೆ.

ಓಟ ಶುರುವಾಯಿತು. ಆ ಸೂರಿನ ಕೆಳಗೆ ಕೂಗೆಂದರೆ ಕೂಗು. ಎಲ್ಲ ಕಾಲೇಜಿನವರೂ ತಮ್ಮ ತಮ್ಮವರ ಹೆಸರು ಹಿಡಿದು ಅರಚುತ್ತಿದ್ದರು. ದಾಕ್ಷಾಯಣಿಯ ತಂಡ ಮಾತ್ರ ಎಂದಿನಂತೆ ಕೊನೆಯ ತಿರುವಿನ ಬೇಲಿಗೆ ಒತ್ತಿ ನಿಂತಿತ್ತು. ಎಂದಿನಂತೆ ಮೌನ. ಸುತ್ತು ಕಳೆದ ಹಾಗೆಲ್ಲ ದಾಕ್ಷಾಯಣಿಯ ಎದೆಗೆ ಅದು ಚುಚ್ಚಿತು. ಇಷ್ಟು ಜನರ ನಡುವೆಯೂ ನನಗೊಂದು ಕೂಗಿಲ್ಲವಲ್ಲ ಎಂದುಕೊಂಡಳು. ಕಾಲು ಭಾರವಾಯಿತು. ನಗರದ ಹುಡುಗಿ ಮುಂದೆ ಹೋದಳು. ಇನ್ನೊಬ್ಬಳೂ ಹೋದಳು. ದಾಕ್ಷಾಯಣಿ ಮೂರನೆಯವಳಾದಳು.

ಕೊನೆಯ ಸುತ್ತಿಗೆ ಮುಂಚೆ ಆ ತಿರುವು ಮತ್ತೆ ಬಂತು. ಓಡುವವರು ಅಕ್ಕಪಕ್ಕ ನೋಡಬಾರದು. ಹೇಗೂ ಬಿಟ್ಟು ಹೋಗುವವಳು, ಇವರ ಮುಖವನ್ನು ಒಮ್ಮೆ ಸರಿಯಾಗಿ ನೋಡಿಬಿಡುತ್ತೇನೆ ಎಂದು ಅವಳು ಸಿಟ್ಟಿನಿಂದ ತಲೆ ತಿರುಗಿಸಿದಳು.

ಎಲ್ಲರ ಕೆನ್ನೆಯೂ ಉಬ್ಬಿತ್ತು. ತುಟಿ ಬಿಗಿದಿತ್ತು. ಗುಂಡು ಎಸೆಯುವ ಹುಡುಗಿಯ ಕಣ್ಣು ಹೊರಗೆ ಬಂದಿತ್ತು. ಒಬ್ಬಳು ದುಪಟ್ಟದ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವರಲ್ಲಿ ಒಬ್ಬಳೂ ಉಸಿರಾಡುತ್ತಿರಲಿಲ್ಲ.

ಅವಳು ದಾಟಿದಳು. ಬೆನ್ನ ಹಿಂದೆ ಆ ಉಸಿರು ಬಂತು. ಅವಳು ಅದನ್ನು ಮೊದಲ ಸಲ ಸರಿಯಾಗಿ ಕೇಳಿದಳು. ಅದು ಬಾವಿಯಲ್ಲಿ ಮುಳುಗು ಹಾಕಿ ಮೇಲೆದ್ದವರ ಉಸಿರು. ಓಡುವವಳಿಗೆ ಅತಿ ಕಷ್ಟವಾಗುವ ಜಾಗದಲ್ಲಿ ಅವರೆಲ್ಲ ಉಸಿರು ಕಟ್ಟಿ ನಿಲ್ಲುತ್ತಿದ್ದರು. ಅವಳು ಪಾರಾಗುವವರೆಗೆ ಬಿಡುತ್ತಿರಲಿಲ್ಲ. ಗೋದಾಮಿನ ಮೊದಲ ದಿನದಿಂದಲೂ ಅವರು ಮಾಡಿದ್ದು ಇದೇ. ಉಸಿರು ಕಟ್ಟಿದವರು ಕೂಗುವುದಾದರೂ ಹೇಗೆ?

ಕೊನೆಯ ಸುತ್ತಿನ ಗಂಟೆ ಮೊಳಗಿತು. ಆಚೆ ಬದಿಗೆ ಹೋದಾಗ ದಾಕ್ಷಾಯಣಿ ಮತ್ತೆ ಆ ತಿರುವಿನತ್ತ ನೋಡಿದಳು. ಉಳಿದವರು ಬಗ್ಗಿ ಏದುಸಿರು ಬಿಡುತ್ತಿದ್ದರು. ಫಕೀರವ್ವ ಮಾತ್ರ ನೆಟ್ಟಗೆ ನಿಂತಿದ್ದಳು. ಕೆನ್ನೆ ಉಬ್ಬಿಯೇ ಇತ್ತು. ಮೂಗನ್ನು ಬೆರಳಿನಿಂದ ಹಿಡಿದಿದ್ದಳು. ಸಾಕು ಬಿಡೇ ಎಂದು ಪಕ್ಕದವಳು ಅವಳ ಕೈ ಎಳೆಯುತ್ತಿದ್ದಳು. ಫಕೀರವ್ವ ತಲೆ ಅಲ್ಲಾಡಿಸಿ ಅವಳನ್ನು ದೂಡಿದಳು. ದಾಕ್ಷಾಯಣಿ ಸೋಲುತ್ತಿದ್ದಾಳೆ ಎಂಬುದು ಫಕೀರವ್ವನಿಗೆ ಗೊತ್ತಾಗಿತ್ತು. ಆ ಓಟದ ಕಷ್ಟ ತಂಡದಲ್ಲಿ ಅವಳಿಗಿಂತ ಹೆಚ್ಚಾಗಿ ಬಲ್ಲವರು ಯಾರಿದ್ದರು?

ನಾನು ಗುರಿ ಮುಟ್ಟುವವರೆಗೆ ಇವಳು ಉಸಿರು ಬಿಡುವುದಿಲ್ಲ ಎಂದು ದಾಕ್ಷಾಯಣಿಗೆ ಅರ್ಥವಾಯಿತು. ಕಪ್ ಮರೆತುಹೋಯಿತು. ಅಂಕ ಮರೆತುಹೋಯಿತು. ಒಬ್ಬಳ ಜೀವ ಬಾಯಿಗೆ ಬಂದಿದೆ, ಬೇಗ ಹೋಗಬೇಕು ಎನ್ನುವುದೊಂದೇ ಉಳಿಯಿತು. ಅವಳು ಓಡಿದಳು. ಅದಕ್ಕೆ ಮೊದಲು ಅವಳು ಅಂಥ ಓಟ ಓಡಿರಲಿಲ್ಲ, ಆಮೇಲೂ ಓಡಲಿಲ್ಲ ಎಂದು ಕಂಡವರು ಹೇಳುತ್ತಾರೆ. ಎರಡನೆಯವಳನ್ನು ದಾಟಿದಳು. ಆ ತಿರುವಿನಲ್ಲಿಯೇ, ಕೆಂಪಡರಿದ ಫಕೀರವ್ವನ ಮುಖದ ಎದುರಿಗೇ, ನಗರದ ಹುಡುಗಿಯನ್ನು ದಾಟಿದಳು. ಅರಚುತ್ತಿದ್ದ ಕ್ರೀಡಾಂಗಣ ಅರಚುವುದನ್ನು ಮರೆತು ಎದ್ದು ನಿಂತಿತು.

ಗುರಿ ಮುಟ್ಟಿದವಳು ಗಡಿಯಾರ ನೋಡಲಿಲ್ಲ. ಹಿಂದಕ್ಕೆ, ತಿರುವಿನ ಕಡೆಗೆ ಓಡಿದಳು. ಫಕೀರವ್ವ ನೆಲದ ಮೇಲೆ ಕಾಲು ಚಾಚಿ ಕುಳಿತು ಬಾಯಿ ತೆರೆದು ಗಾಳಿ ನುಂಗುತ್ತಿದ್ದಳು. ಇಬ್ಬರು ಅವಳಿಗೆ ಗಾಳಿ ಬೀಸುತ್ತಿದ್ದರು. ದಾಕ್ಷಾಯಣಿ ಅವಳ ಮುಂದೆ ಕುಸಿದು ಕುಳಿತಳು. ಅಳು ಬಂದುಬಿಟ್ಟಿತು.

“ಒಂದ್ ಮಾತ್ ಯಾಕ ಹೇಳಲಿಲ್ಲ ನನಗ?”

“ಹೇಳೂದೇನೈತಿ ಅದರಾಗ? ನೀ ಅಲ್ಲಿ ಒದ್ದಾಡೂಮುಂದ ನಾವು ಹೆಂಗ ಉಸಿರಾಡೂದು?” ಎಂದಳು ಫಕೀರವ್ವ. ಆಮೇಲೆ ಸ್ವಲ್ಪ ಸುಧಾರಿಸಿಕೊಂಡು, “ಇನ್ನೊಮ್ಮೆ ಮಾತ್ರ ಒಂಚೂರು ಲಗೂನ ಬಾರವಾ. ಜೀವಾ ಹೋಗೂದಿತ್ತು ನಂದು,” ಎಂದಳು.

ಹುಡುಗಿಯರು ಕಪ್ಪನ್ನು ಮಾಸ್ತರರ ಕೈಗೆ ಕೊಟ್ಟರು. ಅವರು ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು, ಊರು ಮುಟ್ಟುವವರೆಗೂ ಕೆಳಗಿಡಲಿಲ್ಲ. ದಾಕ್ಷಾಯಣಿ ಕಾಲೇಜು ಬಿಡಲಿಲ್ಲ. ಮುಂದಿನ ಮಳೆಗಾಲ ತಾನು ಓಡುವ ಮೊದಲು ಗೋದಾಮಿನ ತಿರುವಿನಲ್ಲಿ ಹೊಸಬರ ಸಾಲಿನಲ್ಲಿ ಹೋಗಿ ನಿಂತಳು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ಬಾಗಿಲ ಕಡೆ ನೋಡಿದ. ಅವನ ಮುಖದಲ್ಲಿ ಬೆರಗೂ ಇತ್ತು, ಹಟವೂ ಇತ್ತು.

“ಆ ಹುಡುಗಿ ತಿರುಗಿ ನೋಡಿದಳು, ಅವಳಿಗೆ ಕಂಡಿತು,” ಎಂದ. “ನಮ್ಮಪ್ಪನಲ್ಲಿ ನೋಡುವುದಕ್ಕೆ ಏನಿತ್ತು? ಸುಮ್ಮನೆ ಕುಳಿತಿದ್ದ, ಅಷ್ಟೆ.”

“ಅವನು ಮಾತಾಡಲಿಲ್ಲ ಎಂಬುದನ್ನು ನೋಡಿದೆ,” ಎಂದರು ಗುರುಗಳು. “ಉಸಿರಾಡುತ್ತಿದ್ದನೇ ಎಂದು ನೋಡಿದೆಯಾ?”