ಮೇಜು ದಾಟದ ಮಾತು

ಪ್ರೊಫೆಸರ್ ವಾಮದೇವಪ್ಪನವರ ದೂರಸಂಪರ್ಕ ಪ್ರಯೋಗಾಲಯದಲ್ಲಿ ಒಂದೇ ಮೇಜಿನ ಮೇಲೆ ಎರಡು ಯಂತ್ರಗಳಿದ್ದವು. ಕಳಿಸುವ ಯಂತ್ರ ದಿನವಿಡೀ "ಪರೀಕ್ಷೆ, ಪರೀಕ್ಷೆ" ಎನ್ನುತ್ತಿತ್ತು. ಕೇಳುವ ಯಂತ್ರ ಉಳಿದ ಸದ್ದನ್ನೆಲ್ಲ ಗದ್ದಲವೆಂದು ಅಳಿಸಿ ಅದೊಂದನ್ನೇ ಹಿಡಿಯುತ್ತಿತ್ತು. ಪ್ರಬಂಧಗಳು ಅಚ್ಚಾದವು, ಪ್ರಶಸ್ತಿ ಬಂತು, ಶಾಲು ಹೊದಿಸಿದರು. ಮಾತು ಮಾತ್ರ ಮೇಜು ದಾಟಲಿಲ್ಲ.

"ಅಣ್ಣಾ, ಒಮ್ಮೆಯಾದರೂ ಮನುಷ್ಯನ ದನಿ ಕೇಳಿಸು. ನನಗೆ ಅದೊಂದೇ ಆಸೆ" ಎಂದಿತು ಕೇಳುವ ಯಂತ್ರ.

"ನನಗೆ ಕಳಿಸಲು ಕೊಟ್ಟಿರುವುದು ಒಂದೇ ಮಾತು, ತಂಗೀ" ಎಂದಿತು ಕಳಿಸುವ ಯಂತ್ರ.

ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. "ಗುಡ್ಡದಾಚೆಯ ಆದಿವಾಸಿ ಹಾಡಿಯಲ್ಲಿ ಬಾಣಂತಿಯ ಜೀವ ಹೋಗುತ್ತಿದ್ದರೂ ಜನ ಫೋನಿನ ಸಿಗ್ನಲ್ಲಿಗಾಗಿ ಬಂಡೆ ಹತ್ತಬೇಕು. ನೀವಿಲ್ಲಿ ಪರೀಕ್ಷೆ ಪಾಸಾಗುತ್ತಲೇ ಇರಿ!"

ನಿವೃತ್ತಿಯ ದಿನ ಪ್ರೊಫೆಸರರು ಒಬ್ಬರೇ ಬಂದು ಕಳಿಸುವ ಯಂತ್ರದ ಮೈಕಿನ ಮುಂದೆ ಕೂತರು. "ಇಷ್ಟು ವರ್ಷ ನಾನು ಯಾರ ಮಾತನ್ನು ಯಾರಿಗೆ ಮುಟ್ಟಿಸಿದೆ?" ಎಂದು ಮೆಲ್ಲಗೆ ಕೇಳಿದರು.

ಕಳಿಸುವ ಯಂತ್ರ ಸಡಗರದಿಂದ ಆ ಮಾತನ್ನು ಕಳಿಸಿತು. "ಬಂತೇನೇ, ತಂಗೀ?"

"ಏನೋ ಗದ್ದಲ ಬಂದಿತ್ತು, ಅಳಿಸಿಬಿಟ್ಟೆ" ಎಂದಿತು ಕೇಳುವ ಯಂತ್ರ. "ಅಣ್ಣಾ, ಮನುಷ್ಯನ ದನಿ ಯಾವಾಗ ಬರುತ್ತದೆ?"