ಓತಿಕ್ಯಾತ ಗಿಡುಗಗಳನ್ನು ಎಣಿಸಿದ್ದು

ಚಳಿಗಾಲಕ್ಕೆ ಬಂದ ಗಿಡುಗಗಳು ಹೊಂಗೆ ಚಿಗುರುವ ಹೊತ್ತಿಗೆ ಬಡಗಣ ನಾಡಿಗೆ ಹೊರಡುತ್ತವೆ. ಅವು ದಾಟುವ ಗುಡ್ಡದ ನೆತ್ತಿಯಲ್ಲಿ ಒಬ್ಬ ಮುದಿ ಓತಿಕ್ಯಾತ ಕೂತು ಎಣಿಸುತ್ತಿದ್ದ. ಒಂದು ಗಿಡುಗಕ್ಕೆ ಒಂದು ಸಲ ತಲೆಯಾಡಿಸುವುದು ಅವನ ಪದ್ಧತಿ. ತಲೆಯಾಡಿಸದೆ ಎಣಿಸಲು ಆ ಜಾತಿಗೇ ಬರುವುದಿಲ್ಲ. ಬರುವಾಗ ಎಣಿಸಿದಷ್ಟೂ ಹೋದವು ಎಂದು ಖಾತ್ರಿಯಾಗುವ ತನಕ ಅವನು ಮೊಮ್ಮಕ್ಕಳನ್ನು ಬಿಲದಿಂದ ಹೊರಗೆ ಬಿಡುತ್ತಿರಲಿಲ್ಲ.

ಈ ಸಲ ಲೆಕ್ಕಕ್ಕೆ ಒಂದು ಕಡಿಮೆ ಬಿತ್ತು. ಎಳೆಬಿಸಿಲಿಗೆ ತನಗೆ ಕಣ್ಣು ಹತ್ತಿದಾಗ ಅದು ದಾಟಿತೋ ಏನೋ ಎಂದು ಚಡಪಡಿಸುತ್ತಿರುವಾಗಲೇ ಒಂದು ಮುದಿ ಗಿಡುಗ ತಿರುಗಿ ಬಂದು ಎದುರಿನ ಕಲ್ಲಿನ ಮೇಲೆ ಇಳಿಯಿತು. ಓತಿಕ್ಯಾತನ ಜೀವ ಬಾಯಿಗೆ ಬಂತು.

“ಹೆದರಬೇಡ, ಹೊಟ್ಟೆ ತುಂಬಿದೆ. ಒಂದು ಮಾತು ಕೇಳಿ ಹೋಗೋಣವೆಂದು ಬಂದೆ,” ಎಂದಿತು ಗಿಡುಗ. “ವರ್ಷವೂ ನಾವು ಹೊರಟಾಗ ಒಬ್ಬೊಬ್ಬರಿಗೂ ತಲೆಯಾಡಿಸಿ ಬೀಳ್ಕೊಡುವವನು ನೀನೊಬ್ಬನೇ. ದಾರಿಯುದ್ದಕ್ಕೂ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಈ ಸಲ ನಾನು ದಾಟುವಾಗ ನೀನು ತಲೆ ಎತ್ತಲೇ ಇಲ್ಲ. ನನ್ನಿಂದ ಏನಾದರೂ ತಪ್ಪಾಯಿತೇ?”

ನಿಮ್ಮ ಪೀಡೆ ತೊಲಗಲಿ ಎಂದೇ ಎಣಿಸುತ್ತಿದ್ದೆ ಎನ್ನಲು ಓತಿಕ್ಯಾತನಿಗೆ ಬಾಯಿ ಬರಲಿಲ್ಲ.

“ತಪ್ಪು ನನ್ನದು, ತೂಕಡಿಸಿಬಿಟ್ಟೆ,” ಎಂದು ತಲೆಯಾಡಿಸಿದ. ಗಿಡುಗ ಸಮಾಧಾನದಿಂದ ಗಾಳಿಗೇರಿ ಹೊರಟುಹೋಯಿತು.

ಮೊಮ್ಮಕ್ಕಳು ಬಿಲದಿಂದ ಇಣುಕಿದವು. “ತಾತ, ಕೊನೆಯದೂ ಹೋಯಿತಲ್ಲ. ಇನ್ನೂ ಯಾಕೆ ತಲೆಯಾಡಿಸುತ್ತಿದ್ದೀಯ?”

“ಲೆಕ್ಕಕ್ಕೆ ಒಂದೇ ಸಾಕಿತ್ತು,” ಎಂದ ಓತಿಕ್ಯಾತ, ಆಕಾಶದಿಂದ ಕಣ್ಣು ತೆಗೆಯದೆ. “ಆದರೆ ಅದು ಇನ್ನೂ ಕಾಣಿಸುತ್ತಿದೆಯಲ್ಲ.”