ಕೆಂಪಾದ ಅರಿಶಿನ

“ಕೇಳಿರಿ, ಮೂಡಣಕೋಟೆಯ ಮಹಾಜನಗಳೇ, ಕೇಳಿರಿ. ಅರಸ ಇರುಗರಸರ ಮಗಳು ಕೇತಲದೇವಿ ತುಂಬಿದ ಸಭೆಯಲ್ಲಿ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನು ಅವಳ ಕೈಹಿಡಿಯಬಹುದು, ಜೊತೆಗೆ ಬೇಡಿದ ಒಂದು ವರವನ್ನೂ ಪಡೆಯಬಹುದು. ಒಂದು ತಪ್ಪಿದರೂ ತಲೆದಂಡ.”

ಡಂಗುರದವನು ಹೀಗೆ ಸಾರುತ್ತ ಹೊಳೆದಂಡೆಗೂ ಬಂದ. ಅಲ್ಲಿ ಅಗಸರ ಬೊಪ್ಪ ಬಟ್ಟೆ ಒಗೆಯುತ್ತಿದ್ದ. ಅವನಿಗೆ ರಾಜಕುಮಾರಿಯ ಆಸೆ ಎಲ್ಲಿಂದ ಬರಬೇಕು? ಅವನ ತಂಗಿ ನಿಂಬಿ ಮದುವೆಯಾದ ತಿಂಗಳೊಳಗೆ ಮೈಯೆಲ್ಲ ಹುಣ್ಣಾಗಿ, ಕೀವು ತುಂಬಿ, ಜ್ವರ ಏರಿ ಸತ್ತಿದ್ದಳು. ಅವಳನ್ನು ಕೊಂದದ್ದು ಅರಮನೆಗೆ ಬಟ್ಟೆ ಕೊಡುವ ವರ್ತಕ ಸೋವಯ್ಯ ಎಂದು ಬೊಪ್ಪನಿಗೆ ಗೊತ್ತಿತ್ತು. ಆದರೆ ಸೋವಯ್ಯ ಅರಸನ ಬಾಲ್ಯದ ಗೆಳೆಯ. ಅಗಸನ ದೂರನ್ನು ಯಾರು ಕೇಳುತ್ತಾರೆ? ವರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೊಪ್ಪ ಹಿಂಡುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಎದ್ದ. ಒಬ್ಬಳನ್ನು ಕಳೆದುಕೊಂಡದ್ದು ಸಾಲದೇ ಎಂದು ತಾಯಿ ಕಾಲು ಹಿಡಿದು ಅತ್ತಳು. ಅವನು ನಿಲ್ಲಲಿಲ್ಲ.

ಸಭೆಯಲ್ಲಿ ಅವನಿಗಿಂತ ಮುಂಚೆ ಇಬ್ಬರಿದ್ದರು. ಕೇತಲದೇವಿ ಮೊದಲ ಒಗಟು ಹೇಳಿದಳು. “ಅದಕ್ಕೆ ಹಲ್ಲಿಲ್ಲ, ಉಗುರಿಲ್ಲ, ಆದರೂ ಮೈ ತಿನ್ನುತ್ತದೆ. ಮಾನವಂತರು ಅದಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಏನದು?”

ನೆರೆರಾಜ್ಯದ ರಾಜಕುಮಾರ ಮೀಸೆ ತಿರುವಿ, ಕತ್ತಿ ಎಂದ. ನನ್ನ ತಾಯಿ ಕತ್ತಿ ಹಿಡಿದು ಓಡಾಡುತ್ತಿದ್ದಳೇ ಎಂದು ಅವಳು ಕೇಳಿದಳು. ಅವನನ್ನು ಎಳೆದುಕೊಂಡು ಹೋದರು. ಮಂತ್ರಿಯ ಮಗ ತುಂಬ ಯೋಚಿಸಿ, ಚಿಂತೆ ಎಂದ. ಚಿಂತೆಯಿಲ್ಲದೆ ಹೊಸ್ತಿಲು ದಾಟುವ ಸೋಮಾರಿಗಳು ಈ ಸಭೆಯಲ್ಲೇ ಬೇಕಾದಷ್ಟಿದ್ದಾರೆ ಎಂದಳು. ಅವನ ಕತೆಯೂ ಮುಗಿಯಿತು. ಪಾಪ, ತಂದೆ ಮಂತ್ರಿಯಾದರೂ ಬಾಯಿ ತೆರೆಯುವ ಹಾಗಿರಲಿಲ್ಲ.

ಬೊಪ್ಪ ಮುಂದೆ ಬಂದು, “ಬಟ್ಟೆ” ಎಂದ.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು, ಬಟ್ಟೆ ಯಾರನ್ನಾದರೂ ತಿಂದದ್ದುಂಟೇ ಎಂದಿತು. ಕೇತಲದೇವಿ ಮಾತ್ರ ನಗಲಿಲ್ಲ. ಅವಳು ಎದ್ದು ನಿಂತೇ ಎರಡನೆಯದನ್ನು ಕೇಳಿದಳು. “ಕಾವಲುಗಾರ ಬಾಗಿಲಲ್ಲೇ ಕೊಲೆಗಡುಕನನ್ನು ಗುರುತು ಹಿಡಿದ. ಮುಖ ಕೆಂಪು ಮಾಡಿಕೊಂಡು ನಮ್ಮನ್ನು ಎಚ್ಚರಿಸಿದ. ನಾವು ಅದನ್ನು ಶುಭವೆಂದುಕೊಂಡು ಆರತಿ ಎತ್ತಿ, ಕೊಲೆಗಡುಕನನ್ನು ಒಳಗೆ ಕರೆದುಕೊಂಡೆವು. ಆ ಕಾವಲುಗಾರ ಯಾರು?”

ಇವಳ ತಾಯಿ ರಾಣಿಯೂ ನಿಂಬಿಯ ಹಾಗೆಯೇ ಸತ್ತಿದ್ದಾಳೆ ಎಂದು ಬೊಪ್ಪನಿಗೆ ಆಗ ಹೊಳೆಯಿತು.

“ಅರಿಶಿನ, ತಾಯಿ. ಹೊಸ ಬಟ್ಟೆ ಉಡುವ ಮುಂಚೆ ಅದರ ಮೂಲೆಗೆ ನೀರಲ್ಲಿ ಕಲಸಿದ ಅರಿಶಿನ ಹಚ್ಚುತ್ತೇವಲ್ಲ, ಅದು. ಸೋವಯ್ಯನವರ ಸೀರೆಗೆ ಹಚ್ಚಿದರೆ ಅದು ಕೆಂಪಾಗುತ್ತದೆ. ದೇವಿಯೇ ಅರಿಶಿನವನ್ನು ಕುಂಕುಮ ಮಾಡಿದಳು, ಒಗೆದರೆ ಅವಳ ಕೃಪೆ ಹೋಗುತ್ತದೆ ಎಂದು ಅವರು ಸಂತೆಯಲ್ಲಿ ಹೇಳಿಸಿದರು. ಅರಿಶಿನ ಕೆಂಪಾಗುವುದು ಸುಣ್ಣವೋ ಚೌಳುಮಣ್ಣಿನ ಕಾರವೋ ಸೋಕಿದರೆ. ಬಟ್ಟೆ ಬೆಳ್ಳಗಾಗಲೆಂದು ಕಾರದ ನೀರಿನಲ್ಲಿ ಬೇಯಿಸಿ, ಹೊಳೆಯಲ್ಲಿ ಜಾಲಿಸದೆ ಹಾಗೇ ಒಣಗಿಸಿ ಮಾರುತ್ತಾರೆ. ಬೆವರು ಬಿದ್ದರೆ ಅದು ಚರ್ಮ ಸುಡುತ್ತದೆ. ನನ್ನ ತಂಗಿಯ ಧಾರೆಸೀರೆಯನ್ನು ಒಮ್ಮೆ ಜಾಲಿಸಿ ಕೊಡುತ್ತೇನೆ ಎಂದೆ. ಹಿರಿಯರು ನನ್ನ ಬಾಯಿ ಮುಚ್ಚಿಸಿದರು.”

ಅರಸನ ಪಕ್ಕದಲ್ಲಿ ಕೂತಿದ್ದ ಸೋವಯ್ಯನ ಮುಖ ಬಿಳಿಚಿಕೊಂಡಿತು. ಅವನ ಮನೆ ಹಾಳಾಗ, ಆಗಲೂ ನಗಲು ನೋಡಿದ.

“ಊರಿಗೆಲ್ಲ ಬಡಿಸುತ್ತಾನೆ, ತನ್ನ ಮನೆಯವರ ಬಾಯಿಗೆ ಒಂದು ಅಗುಳೂ ಬೀಳಗೊಡುವುದಿಲ್ಲ. ಯಾರವನು?” ಎಂದಳು ಕೇತಲದೇವಿ.

“ಅಗೋ, ಅಲ್ಲಿ ಕೂತಿದ್ದಾನಲ್ಲ, ಸೋವಯ್ಯ. ಅವನ ಮನೆಯ ಬಟ್ಟೆ ಒಗೆಯುವವನು ನಾನೇ. ಅವನ ಅಂಗಡಿಯ ಒಂದು ಸೀರೆಯೂ ಆ ಮನೆಯಿಂದ ನನ್ನ ಕೈಗೆ ಬಂದದ್ದಿಲ್ಲ.”

ಅರಸ ಅಗಸನ ಮೇಲೆ ಸಿಟ್ಟಾಗಿ ಕತ್ತಿಯ ಮೇಲೆ ಕೈಯಿಟ್ಟ. ಮಗಳು ಇದೇ ಮಾತನ್ನು ಮೊದಲೇ ಹೇಳಿದ್ದಳು, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಅವನೇ ಬೈದಿದ್ದ. ಒಗಟಿಗೆ ತಲೆದಂಡ ಕಟ್ಟಿದ್ದೂ ಅವನೇ, ಯಾರೂ ಬಾರದಿರಲಿ ಎಂದು. ಅವಳು ತಂದೆಯ ಮುಖ ನೋಡದೆ, ಸೋವಯ್ಯನ ಅಂಗಡಿಯಿಂದ ಹೊಸ ಶಾಲೊಂದನ್ನು ತರಿಸಿದಳು. ಬೆವೆತು ಕೂತಿದ್ದ ಸೋವಯ್ಯನ ಮುಂದೆ ಹಿಡಿದು, ಈ ಅಗಸ ಹೇಳಿದ್ದು ಸುಳ್ಳಾದರೆ ಬರಿಮೈ ಮೇಲೆ ಹೊದ್ದುಕೊಳ್ಳಿ ಎಂದಳು. ಸೋವಯ್ಯ ಕೈ ಚಾಚಲಿಲ್ಲ. ಇವತ್ತು ಅಮಾವಾಸ್ಯೆ, ಹೊಸ ಬಟ್ಟೆ ಹೊದೆಯಬಾರದು ಎಂದು ತೊದಲಿದ.

ಅರಸ ಗೆಳೆಯನ ಕಡೆ ತಿರುಗಿದ. ರಾಣಿಗೆ ಸೋವಯ್ಯನ ಅಂಗಡಿಯ ಸೀರೆಯನ್ನು ತಾನೇ ಕೈಯಾರೆ ಕೊಟ್ಟದ್ದು ನೆನಪಾಗಿರಬೇಕು. ಇವನ ತಲೆ ಹಾರಿಸಿ ಎಂದು ಕೂಗಿದ.

“ತಲೆ ಬೇಡ ಪ್ರಭು” ಎಂದ ಬೊಪ್ಪ. “ತಲೆ ಹೋದರೆ ಒಂದು ಗಳಿಗೆಗೆ ಮುಗಿದುಹೋಗುತ್ತದೆ. ನಿಂಬಿಗೆ ಅಷ್ಟು ಬೇಗ ಮುಗಿಯಲಿಲ್ಲ. ಅವನು ಮಾರಿದ್ದನ್ನು ಅವನೇ ಉಡಲಿ, ನಾವು ಸಾಕು ಅನ್ನುವವರೆಗೆ. ಇದೇ ನನ್ನ ವರ.”

ಸೋವಯ್ಯನಿಗೆ ಅವನದೇ ಬಟ್ಟೆಯನ್ನು ಮೈತುಂಬ ಸುತ್ತಿ ಹೊಳೆದಂಡೆಯ ಬಿಸಿಲಲ್ಲಿ ನಿಲ್ಲಿಸಿದರು. ಅವನ ಬಟ್ಟೆಯಿಂದ ಹೆಂಡತಿ, ಮಕ್ಕಳನ್ನು ಕಳೆದುಕೊಂಡ ಊರಿನವರೆಲ್ಲ ಬಂದು ನೋಡಿದರು. ದಿನವೂ ಅವನು ನೀರು ನೀರು ಎಂದು ಕೂಗುತ್ತಿದ್ದ. ಕುಡಿಯಲು ಕೊಟ್ಟರು, ಮೈಮೇಲೆ ಒಂದು ಹನಿಯನ್ನೂ ಹಾಕಗೊಡಲಿಲ್ಲ. ಬೊಪ್ಪನೂ ಕೇತಲದೇವಿಯೂ ಒಗೆಯುವ ಕಲ್ಲಿನ ಮೇಲೆ ಅಕ್ಕಪಕ್ಕ ಕೂತಿರುತ್ತಿದ್ದರು. ಮೈಯೆಲ್ಲ ಹುಣ್ಣು ಒಡೆದು ಅವನ ದನಿ ಕೀರಲಾದ ದಿನ ಅವಳು ಕೇಳಿದಳು:

“ಹೊಟ್ಟೆ ತಣ್ಣಗಾಯಿತೇ?”

“ಇಲ್ಲ. ನಿಮಗೆ?”

“ನನಗೂ ಇಲ್ಲ.”

“ಹಾಗಾದರೆ ನಾಳೆಯೂ ಬರೋಣ” ಎಂದ ಬೊಪ್ಪ.

ಅವರಿಬ್ಬರ ಮದುವೆ ಭರ್ಜರಿಯಾಗಿಯೇ ಆಯಿತು. ಆದದ್ದು ಮಾತ್ರ ಸೋವಯ್ಯನ ತಿಥಿಯೂಟ ಮುಗಿದ ಮೇಲೆ.